ಚರಕದ ವೇಗದಲ್ಲಿ ಒಂದು ದೋಣಿ ಹಾಡು

ಸಮುದ್ರದ ಹಾಡುಗಳ ಬಗ್ಗೆ ಬರೆಯಲು ನನಗೆ ಯಾವ ಅಧಿಕಾರವೂ ಇಲ್ಲ. ನಾನು ಸಮುದ್ರ ನೋಡಿದ್ದು ಒಂದೇ ಸಲ, ಕಾರ್ಖಾನೆಯ ಪ್ರವಾಸದಲ್ಲಿ ಮಲ್ಪೆಗೆ ಹೋದಾಗ. ದೋಣಿ ಹತ್ತಿದ ಐದನೇ ನಿಮಿಷಕ್ಕೆ ವಾಂತಿ ಮಾಡಿಕೊಂಡೆ. ಸಂಗೀತ ಕಲಿತವನೂ ಅಲ್ಲ. ಬಿ.ಎ. ಮಾಡಿದ್ದು ರಾಮನಗರದ ಸಂಜೆ ಕಾಲೇಜಿನಲ್ಲಿ, ಮೂರು ವರ್ಷದ ಓದನ್ನು ಆರು ವರ್ಷ ಎಳೆದು. ತಿಳಿದವರು ಇದನ್ನು ಓದಿ ನಕ್ಕರೆ ಅದು ನ್ಯಾಯವೇ. ಅವರಲ್ಲಿ ಮೊದಲೇ ಕ್ಷಮೆ ಕೇಳಿಕೊಳ್ಳುತ್ತೇನೆ. ಆದರೂ ಬರೆಯುತ್ತಿದ್ದೇನೆ. ಕಾರ್ಖಾನೆಯಲ್ಲಿ ಅಂಥದೊಂದು ಹಾಡು ಹಾಡಿಸುವಾಗ ಒಬ್ಬರಿಗೆ ನನ್ನಿಂದ ಅನ್ಯಾಯವಾಯಿತು. ನಾನು ಬರೆಯದಿದ್ದರೆ, ಅನಂತರಾಜು ಅವರು ಕಾರ್ಖಾನೆಯ ಪತ್ರಿಕೆಯಲ್ಲಿ ಬರೆದ ವರದಿಯೇ ಉಳಿಯುತ್ತದೆ. ಆ ಒಂದು ಪುಟದಲ್ಲಿ ‘ಭವ್ಯ’ ಎಂಬ ಪದ ಏಳು ಸಲ ಬಂದಿದೆ. ಎಣಿಸಿದ್ದೇನೆ.

ನಮ್ಮ ಕಾರ್ಖಾನೆ ಬಿಡದಿ ಕೈಗಾರಿಕಾ ಪ್ರದೇಶದಲ್ಲಿದೆ. ದೊಡ್ಡ ಪೈಪುಗಳಿಗೆ ಹಾಕುವ ವಾಲ್ವ್‌ಗಳನ್ನು ಮಾಡುತ್ತೇವೆ. ನಾನು, ಕೆಂಪರಾಜು, ತಪಾಸಣೆ ವಿಭಾಗದವನು. ಅಳತೆ ಸರಿಯಿದ್ದರೆ ಹಸಿರು ಚೀಟಿ, ಕೂದಲೆಳೆಯಷ್ಟು ತಪ್ಪಿದ್ದರೂ ಕೆಂಪು ಚೀಟಿ ಅಂಟಿಸುವುದು ಹದಿನಾಲ್ಕು ವರ್ಷದಿಂದ ನನ್ನ ಕೆಲಸ. ಸ್ಕಾಟ್ಲೆಂಡಿನ ಒಂದು ಕಂಪನಿ ನಮ್ಮ ಪಾಲುದಾರ. ಆ ಪಾಲುದಾರಿಕೆಗೆ ಕಳೆದ ನವೆಂಬರಿಗೆ ಇಪ್ಪತ್ತೈದು ವರ್ಷ ತುಂಬಿತು. ಅಲ್ಲಿಂದ ಮೂವರು ಅತಿಥಿಗಳು ಬರುವವರಿದ್ದರು. ಅವರ ಮುಂದೆ ಕಾರ್ಮಿಕರು ಅವರದೇ ನಾಡಿನ ದೋಣಿ ಹಾಡು ಹಾಡಬೇಕೆಂದು ಎಚ್.ಆರ್. ವಿಭಾಗದ ದಿವ್ಯ ಮೇಡಂ ತೀರ್ಮಾನಿಸಿದರು. ನಮ್ಮ ಹಾಡನ್ನು ಅವರಿಗೆ ಕೇಳಿಸಬಹುದಿತ್ತಲ್ಲ ಎಂದು ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ.

ಹಾಡಿಸುವ ಹೊಣೆ ಸಾಂಸ್ಕೃತಿಕ ಕಾರ್ಯದರ್ಶಿ ಅನಂತರಾಜು ಅವರಿಗೆ ಬಿತ್ತು. ಅವರು ಹದಿನೆಂಟು ವರ್ಷದ ಹಿಂದೆ ತರಬೇತಿಗೆಂದು ಹನ್ನೊಂದು ವಾರ ಸ್ಕಾಟ್ಲೆಂಡಿನಲ್ಲಿದ್ದು ಬಂದವರು. ಬರುವಾಗ ತಂದ ಚೌಕಳಿ ಉಣ್ಣೆಯ ಮಫ್ಲರನ್ನು ಬಿಡದಿಯ ಏಪ್ರಿಲ್ ಬಿಸಿಲಿನಲ್ಲೂ ಕೊರಳಿಗೆ ಸುತ್ತಿಕೊಳ್ಳುತ್ತಾರೆ. “ನಾನು ಅಲ್ಲಿದ್ದಾಗ” ಎಂದು ಶುರುವಾಗದ ಮಾತನ್ನು ಅವರ ಬಾಯಿಂದ ನಾನು ಕೇಳಿದ್ದು ಕಡಿಮೆ. ಅವರ ಬಳಿ ಒಂದು ಕೀಬೋರ್ಡ್ ಇದೆ. ಅದರ ಬಲಮೂಲೆಯಲ್ಲಿ ಒಂದು ಗುಂಡಿ ಒತ್ತಿದರೆ ದಬ್ಬ ದಬ್ಬ ಎಂದು ತಾಳ ತಾನೇ ಹೊಡೆದುಕೊಳ್ಳುತ್ತದೆ. ಗಣೇಶನ ಹಬ್ಬ, ರಾಜ್ಯೋತ್ಸವ, ಸುರಕ್ಷತಾ ಸಪ್ತಾಹ, ಎಲ್ಲಕ್ಕೂ ಅದೇ ಗುಂಡಿ.

ಹಾಡು ಚಿಕ್ಕದು. ಬೇಸಿಗೆಯಲ್ಲಿ ಮೇಯಿಸಲು ಕುರಿಗಳನ್ನು ದೋಣಿಗೆ ತುಂಬಿಕೊಂಡು ಹುಟ್ಟು ಹಾಕುತ್ತಾ ದ್ವೀಪಕ್ಕೆ ದಾಟಿಸುವ ಹಾಡು. ಒಬ್ಬ ಒಂದು ಸಾಲು ಹೇಳಬೇಕು, ಮಿಕ್ಕವರು ಅರ್ಥವಿಲ್ಲದ ಒಂದು ಪಲ್ಲವಿಯನ್ನು ಹೇಳಬೇಕು. ಭಾಷೆ ಇಂಗ್ಲಿಷೂ ಅಲ್ಲ, ಅಲ್ಲಿನ ಹಳೆಯ ಮಾತು. ಅದನ್ನು ಕನ್ನಡ ಲಿಪಿಯಲ್ಲಿ ಬರೆದು ಹನ್ನೊಂದು ಮಂದಿಗೆ ಹಂಚುವ ಕೆಲಸ, ಕೈಬರಹ ಚೆನ್ನಾಗಿದೆ ಎಂಬ ಕಾರಣಕ್ಕೆ, ನನ್ನ ಪಾಲಿಗೆ ಬಂತು. ನಾನು ಲಿಪಿಗೆ ನಿಲ್ಲಲಿಲ್ಲ. ಒಂದು ಕೆಲಸ ಕೊಟ್ಟರೆ ಅದರ ಬೇರಿನವರೆಗೂ ಹೋಗಿ ನಿದ್ದೆ ಕೆಡಿಸಿಕೊಳ್ಳುವುದು ನನ್ನ ಜಾಯಮಾನ. ಸಿಕ್ಕಿದ್ದೆಲ್ಲ ಓದಿದೆ. ಇವು ಮನರಂಜನೆಯ ಹಾಡುಗಳಲ್ಲ, ಹತ್ತು ಜನರ ತೋಳು ಒಟ್ಟಿಗೆ ಎಳೆಯಲೆಂದು ಹುಟ್ಟಿದ ಹಾಡುಗಳು, ಹಾಡಿನ ವೇಗವನ್ನು ಕೆಲಸವೇ ನಿಗದಿ ಮಾಡುತ್ತದೆ ಎಂದು ತಿಳಿದುಕೊಂಡೆ. ಅನಂತರಾಜು ಅವರ ಗುಂಡಿಯ ತಾಳಕ್ಕೆ ಇಡೀ ಹಾಡು ಒಂದು ನಿಮಿಷ ಐವತ್ತು ಸೆಕೆಂಡಿಗೆ ಮುಗಿಯುತ್ತಿತ್ತು.

ಅಭ್ಯಾಸ ನಡೆಯುತ್ತಿದ್ದದ್ದು ಊಟದ ನಂತರ, ಕ್ಯಾಂಟೀನಿನಲ್ಲಿ. ಮೂರನೇ ದಿನ, ಕೀಬೋರ್ಡಿನ ಗದ್ದಲದ ಆಚೆ, ಅದೇ ಪಲ್ಲವಿಯನ್ನು ಯಾರೋ ನಿಧಾನವಾಗಿ ಹೇಳುತ್ತಿರುವುದು ಕೇಳಿಸಿತು. ತಿರುಗಿ ನೋಡಿದೆ. ಟೇಬಲ್ ಒರೆಸುತ್ತಿದ್ದ ಶುಕೂರ್ ಭಾಯ್. ಕ್ಯಾಂಟೀನಿನ ಗುತ್ತಿಗೆ ಕೆಲಸದವರು, ಐವತ್ತು ದಾಟಿದ ವಯಸ್ಸು. ಬಟ್ಟೆ ಹಿಡಿದ ಅವರ ಬಲಗೈ ಟೇಬಲ್ಲಿನ ಮೇಲೆ ದೊಡ್ಡ ದೊಡ್ಡ ಸುತ್ತು ಹಾಕುತ್ತಿತ್ತು. ಒಂದು ಸುತ್ತೂ ಇನ್ನೊಂದಕ್ಕಿಂತ ಬೇಗವಿರಲಿಲ್ಲ, ನಿಧಾನವಿರಲಿಲ್ಲ. ಆ ಸುತ್ತಿನ ಮೇಲೆ ಹಾಡು ಕೂತಿತ್ತು.

“ಎಲ್ಲಿ ಕಲಿತ್ರಿ ಭಾಯ್?” ಎಂದೆ.

“ಹಾಡಾ? ನೀವೇ ಮೂರು ದಿನದಿಂದ ಕಿವಿ ತೂತು ಮಾಡ್ತಾ ಇದೀರಲ್ಲ ರಾಜಣ್ಣ.”

“ಹಾಡಲ್ಲ, ತಾಳ.”

“ಓ, ಅದು ಚರಕದ್ದು.”

ರಾಮನಗರದಲ್ಲಿ ಅವರದೊಂದು ಚರಕ ಇತ್ತು. ರೇಷ್ಮೆ ಗೂಡಿನಿಂದ ನೂಲು ಬಿಚ್ಚುವ, ಕೈಯಲ್ಲಿ ತಿರುಗಿಸುವ ಚಕ್ರ. ಕುದಿಯುವ ನೀರಿನ ಮುಂದೆ ಹೆಂಡತಿ ಖತೀಜಾ ಕೂತು ಗೂಡುಗಳಿಂದ ಎಳೆ ಎತ್ತಿ ಕೊಡುವುದು, ಇವರು ನಿಂತು ಚಕ್ರ ತಿರುಗಿಸುವುದು. ಹತ್ತೊಂಬತ್ತು ವರ್ಷ ಹಾಗೆ ಕಳೆಯಿತು. ತಿರುಗಿಸುವಾಗ ಇವರು ಹಾಡಬೇಕು. ಪ್ರವಾದಿಯನ್ನು ಹೊಗಳುವ ನಾತ್, ಸಿನಿಮಾ ಹಾಡು, ಪಕ್ಕದ ಕೇರಿಯ ಸೋಬಾನೆ, ಬಾಯಿಗೆ ಬಂದದ್ದು ಯಾವುದಾದರೂ ಸರಿ, ಎಲ್ಲವನ್ನೂ ಚಕ್ರದ ವೇಗಕ್ಕೆ ಬಗ್ಗಿಸಿಕೊಂಡು ಹಾಡಬೇಕು.

“ಹಾಡು ಜೋರಾದ್ರೆ ಎಳೆ ಕಡೀತದೆ. ಸುಸ್ತಾದ್ರೆ ಗಂಟು ಬೀಳ್ತದೆ. ಎರಡಕ್ಕೂ ಅವಳು ಬೈತಾಳೆ,” ಎಂದರು. “ನಂಗೆ ಉಸ್ತಾದ್ ಅಂದ್ರೆ ಖತೀಜಾನ ಬೈಗುಳ ಕಣ್ರಿ.”

ಎಲ್ಲೆಡೆ ಮೋಟಾರಿನ ಯಂತ್ರಗಳು ಬಂದ ಮೇಲೆ, ಒಂಬತ್ತು ವರ್ಷದ ಹಿಂದೆ, ಚರಕ ನಿಂತಿತ್ತು. ಖತೀಜಾ ಈಗ ಬೇರೆಯವರ ಯಂತ್ರದ ಮುಂದೆ ದುಡಿಯುತ್ತಾರೆ. ಅಲ್ಲಿ ಹಾಡಿದರೆ ಹಾಡಿದವನಿಗೇ ಕೇಳಿಸುವುದಿಲ್ಲವಂತೆ. ಶುಕೂರ್ ಭಾಯ್ ಅಂದಿನಿಂದ ಹಾಡಿಯೇ ಇರಲಿಲ್ಲ.

ಮರುದಿನ ಅಭ್ಯಾಸದ ಮಧ್ಯೆ ನಾನು ಎದ್ದು ನಿಂತೆ.

“ಸರ್, ಇದು ಕೆಲಸದ ಹಾಡು. ಇಷ್ಟು ಬೇಗ ಹುಟ್ಟು ಹಾಕಿದರೆ ಕುರಿಗಳೆಲ್ಲ ನೀರಿಗೆ ಬೀಳುತ್ತವೆ.”

ಅನಂತರಾಜು ಗುಂಡಿ ಒತ್ತಿ ತಾಳ ನಿಲ್ಲಿಸಿದರು. “ಕೆಂಪರಾಜು, ನೀವು ಸ್ಕಾಟ್ಲೆಂಡಿಗೆ ಹೋಗಿದೀರಾ?”

“ಇಲ್ಲ ಸರ್.”

“ನಿಮ್ಮೂರು ಅಕ್ಕೂರು ಬಿಟ್ಟು ಎಲ್ಲಿಗೆ ಹೋಗಿದೀರಿ?”

“ಮಲ್ಪೆಗೆ ಸರ್.”

ಎಲ್ಲರೂ ನಕ್ಕರು. ನನ್ನ ವಾಂತಿಯ ಕಥೆ ಎಲ್ಲರಿಗೂ ಗೊತ್ತಿತ್ತು. ಆಗ ಟೇಬಲ್ ಒರೆಸುತ್ತಲೇ ಶುಕೂರ್ ಭಾಯ್ ಬಹಳ ವಿನಯದಿಂದ ಕೇಳಿದರು:

“ಸಾರ್, ತಾವು ಅಲ್ಲಿ ದೋಣಿ ಹತ್ತಿದ್ರಾ?”

“ಅಲ್ಲಿ ಚಳಿ ಕಣಪ್ಪ.”

“ಹಂಗಾರೆ ದಡದಲ್ಲಿ ನಿಂತು ನೋಡಿದ್ರಾ?”

“ಬಸ್ಸಲ್ಲಿ ಹೋಗುವಾಗ ಕಾಣಿಸ್ತಿತ್ತು.”

“ಓ, ಬಸ್ಸಿನ ಸ್ಪೀಡು. ಅದ್ಕೇ ಮತ್ತೆ.”

ಈ ಸಲದ ನಗು ಬೇರೆ ದಿಕ್ಕಿನದು. ಅನಂತರಾಜು ಮಫ್ಲರ್ ಬಿಗಿ ಮಾಡಿಕೊಂಡರು. ನನಗೆ ಆದ ಸಂತೋಷವನ್ನು ಮುಚ್ಚಿಡುವುದಿಲ್ಲ. ನಾನು ಆ ಮನುಷ್ಯನನ್ನು ಆಗಲೂ ತಿರಸ್ಕರಿಸುತ್ತಿದ್ದೆ, ಈಗಲೂ ತಿರಸ್ಕರಿಸುತ್ತೇನೆ. ಹನ್ನೊಂದು ವಾರ ಒಂದು ನಾಡಿನಲ್ಲಿದ್ದು ಅಲ್ಲಿನ ಮಫ್ಲರ್ ಒಂದನ್ನು ಬಿಟ್ಟು ಬೇರೇನನ್ನೂ ಮುಟ್ಟದೆ ಬಂದವನು ಅವನು. ಆದರೆ ತಿರಸ್ಕಾರಕ್ಕೆ ಒಂದು ಗುಣವಿದೆ: ಅದು ಇರುವವರೆಗೂ ನಾವೇ ಸರಿ ಎನಿಸುತ್ತದೆ.

ಆ ಬಲದ ಮೇಲೆ ದಿವ್ಯ ಮೇಡಂಗೆ ನಾಲ್ಕು ಪುಟದ ಪತ್ರ ಬರೆದೆ. ಕೀಬೋರ್ಡಿನ ತಾಳ ಪರಂಪರೆಗೆ ಅಪಚಾರ. ಕೈಯಿಂದ ದುಡಿದವನ ತೋಳಿನಲ್ಲಿ ಮಾತ್ರ ದುಡಿಮೆಯ ಹಾಡಿನ ನಿಜವಾದ ವೇಗ ಇರುತ್ತದೆ. ಅಂಥ ತೋಳು ನಮ್ಮ ಕ್ಯಾಂಟೀನಿನಲ್ಲೇ ಇದೆ. ಆದ್ದರಿಂದ ಇದೇ ನಿಜವಾದ ದೋಣಿಯ ವೇಗ. ಆ ಕೊನೆಯ ‘ಆದ್ದರಿಂದ’ವನ್ನು ಬರೆಯುವಾಗ ನನಗೆ ಒಂದಿಷ್ಟೂ ಅನುಮಾನ ಬರಲಿಲ್ಲ. ದಿನವೂ ಕೂದಲೆಳೆಯ ತಪ್ಪು ಹಿಡಿಯುವವನಿಗೆ ಬರಲಿಲ್ಲ.

ಮೇಡಂಗೆ ಪತ್ರ ಹಿಡಿಸಿತು. “ಇದು ಅಥೆಂಟಿಕ್ ಆಗಿದೆ,” ಎಂದರು. ಕೀಬೋರ್ಡ್ ಬೇಡ, ಶುಕೂರ್ ಮುಂದೆ ನಿಂತು ಸಾಲು ಹೇಳಲಿ, ಕೆಂಪರಾಜು ಹಾಡಿನ ಪರಿಚಯ ಓದಲಿ ಎಂದು ಆದೇಶವಾಯಿತು. ಶುಕೂರ್ ಅವರ ಮನೆಯವರೂ ಬರಬಹುದು ಎಂದು ಮೇಡಂ ಸೇರಿಸಿದರು.

ವಿಷಯ ಹೇಳಿದಾಗ ಶುಕೂರ್ ಭಾಯ್ ಒರೆಸುವ ಬಟ್ಟೆ ಹಿಂಡಿ ಹೆಗಲಿಗೆ ಹಾಕಿಕೊಂಡರು. “ಖತೀಜಾ ಇಷ್ಟು ವರ್ಷ ನನ್ನ ಹಾಡು ಕೇಳವ್ಳೆ,” ಎಂದರು. “ಬರೀ ಕಿವಿಯಲ್ಲಿ. ಕಣ್ಣು ಎಳೆ ಮೇಲೇ ಇರ್ಬೇಕಲ್ಲ. ನಾನು ಹಾಡೋದನ್ನ ಒಂದ್ಸಲ ಕೂತು ನೋಡ್ಲಿ.”

ಅಂದಿನಿಂದ ಅವರ ತೋಳಿನ ಸುತ್ತಿಗೆ ಹನ್ನೊಂದು ಮಂದಿ ಹಾಡಿದರು. ಹಾಡು ನಾಲ್ಕು ನಿಮಿಷ ಹತ್ತು ಸೆಕೆಂಡಿಗೆ ಬೆಳೆಯಿತು. ಒಂದೇ ತೊಂದರೆ: ಎರಡನೇ ಚರಣಕ್ಕೆ ಎಲ್ಲರಿಗೂ ಉಸಿರು ಕಟ್ಟುತ್ತಿತ್ತು. ಉಸಿರಿನ ಅಭ್ಯಾಸ ಸಾಲದು ಎಂದು ನಾನೇ ಗದರಿಸಿದೆ. ಈ ನಡುವೆ ವೇದಿಕೆಗೆಂದು ಚನ್ನಪಟ್ಟಣದ ಬೊಂಬೆ ಕೆಲಸದ ಜಬ್ಬಾರ್ ಅವರಿಂದ ಹನ್ನೆರಡು ಹುಟ್ಟುಗಳು ಬಂದವು. ಕೆಂಪು ಹಳದಿ ಅರಗು ಬಣ್ಣ ಹೊಳೆಯುತ್ತಿತ್ತು. ಆದರೆ ಅವರ ಯಂತ್ರದಲ್ಲಿ ಮರ ತಿರುಗುವುದರಿಂದ ಎಲ್ಲವೂ ದುಂಡಗೇ ಬರುತ್ತದೆ. ನೀರು ತಳ್ಳುವ ಚಪ್ಪಟೆ ಅಲಗೇ ಇಲ್ಲ. ಹನ್ನೆರಡು ಬಣ್ಣದ ಲಟ್ಟಣಿಗೆಗಳು. ಅನಂತರಾಜು ಅವುಗಳನ್ನು ನೋಡಿ “ನಾನು ಅಲ್ಲಿದ್ದಾಗ ಥೇಟ್ ಇಂಥವೇ ನೋಡಿದ್ದೆ,” ಎಂದರು.

ಕಾರ್ಯಕ್ರಮ ಬುಧವಾರ. ಪರಿಚಯದಲ್ಲಿ “ಹುಟ್ಟು ಹಾಕುವ ವೇಗದಲ್ಲೇ ಈಗ ಕೇಳುವಿರಿ” ಎಂಬ ಸಾಲು ಬರೆದಿದ್ದೆ. ಶನಿವಾರ ಓದಿಕೊಳ್ಳುವಾಗ ಆ ಸಾಲಿಗೆ ಬಂದು ನಿಂತೆ. ಹುಟ್ಟು ಹಾಕುವುದನ್ನು ನಾನು ಗಮನವಿಟ್ಟು ನೋಡಿಯೇ ಇರಲಿಲ್ಲ. ಭಾನುವಾರ ಬೆಳಿಗ್ಗೆ ಶುಕೂರ್ ಭಾಯಿಯನ್ನು ಬೈಕಿನ ಹಿಂದೆ ಕೂರಿಸಿಕೊಂಡು ಕನಕಪುರ ದಾಟಿ ಸಂಗಮಕ್ಕೆ ಹೋದೆ. ಅಲ್ಲಿ ಅರ್ಕಾವತಿ ಕಾವೇರಿಗೆ ಸೇರುತ್ತದೆ. ಜನ ತೆಪ್ಪದಲ್ಲಿ ಆಚೆ ದಡಕ್ಕೆ ದಾಟುತ್ತಾರೆ. ತೆಪ್ಪದವರಲ್ಲಿ ಹಿರಿಯರೊಬ್ಬರು ಹನುಮಂತಯ್ಯ. ನಾವು ಬಂದ ಕಾರಣ ಕೇಳಿ ಬೀಡಿ ಕೆಳಗಿಟ್ಟರು.

“ಹುಟ್ಟು ನೋಡಾಕೆ ಬಿಡದಿಯಿಂದ ಬಂದ್ರಾ? ಆಫೀಸ್ನಾಗೆ ಕೆಲ್ಸ ಇಲ್ವಾ?”

“ಒಸಿ ಹಾಡ್ಕಂಡು ಹಾಕ್ತೀವಿ ಯಜಮಾನ್ರೆ,” ಎಂದರು ಶುಕೂರ್ ಭಾಯ್.

“ಹಾಡ್ಕಳಿ. ಮುಳುಗುದ್ರೆ ನಾನೇ ಎತ್ಬೇಕು, ಅದ್ಕೇ ದಡದ ತಾವೇ ಇರಿ.”

ಶುಕೂರ್ ಭಾಯ್ ತೆಪ್ಪದ ಮುಂದೆ ಕೂತು ಹುಟ್ಟು ಹಿಡಿದರು. ಹಾಡು ಎತ್ತಿದರು. ಒಳ್ಳೆಯ ಹಾಡು, ದಡದಲ್ಲಿ ಮೀನು ಕರಿಯುತ್ತಿದ್ದ ಹೆಂಗಸು ತಿರುಗಿ ನೋಡಿದಳು. ಆದರೆ ಹಾಡು ಹುಟ್ಟನ್ನು ಎಳೆ ಎನ್ನುವಾಗ ಅದು ಗಾಳಿಯಲ್ಲಿರುತ್ತಿತ್ತು, ಹುಟ್ಟು ನೀರಿಗಿಳಿಯುವ ಹೊತ್ತಿಗೆ ಹಾಡು ಮುಂದಿನ ಸಾಲಿಗೆ ಹೋಗಿರುತ್ತಿತ್ತು. ಅವರು ಹಾಡು ಬಿಡಲಿಲ್ಲ, ತೋಳನ್ನು ಸುತ್ತ ತಿರುಗಿಸಿದರು. ತೆಪ್ಪವೂ ಇದ್ದಲ್ಲೇ ಸುತ್ತ ತಿರುಗಿತು.

“ಗಾಣ ಸುತ್ದಂಗೆ ಸುತ್ತುತಾ ಐತಲ್ಲಪ್ಪ ನಿಮ್ಮ ಹಾಡು,” ಎಂದರು ಹನುಮಂತಯ್ಯ. ಹುಟ್ಟು ಕಿತ್ತುಕೊಂಡು ತೋರಿಸಿದರು. “ನೋಡ್ಕಳಿ. ಎಳೆಯೋದು ಒಂದ್ಗಳಿಗೆ. ಎತ್ತಿ ಮುಂದಕ್ಕಾಕೋದು ಒಂದ್ಗಳಿಗೆ. ಎತ್ತೋವಾಗ ತೋಳಿಗೆ ರಜ. ಇವರ ಹಾಡ್ನಾಗೆ ರಜಾನೇ ಇಲ್ವಲ್ಲ. ಹಿಂಗೆ ಹಾಕುದ್ರೆ ಆಚೆ ದಡ ಸೇರೋ ಹೊತ್ಗೆ ತೋಳು ಕಳಚ್ಕಂಡು ಬಿದ್ದೋಯ್ತವೆ.”

“ನೀವು ಏನು ಹಾಡ್ತೀರಿ ಹುಟ್ಟು ಹಾಕುವಾಗ?” ಎಂದೆ.

“ನಾನಾ? ತೆಪ್ಪದಾಗೆ ಕುಂತೋರೆಲ್ಲ ಸೆಲ್ಫಿ ತಕಳಾಕೆ ಎದ್ದು ನಿಂತ್ಕತಾರೆ. ಕೂತ್ಕಳ್ರಪ್ಪ ಅಂತ ಬಯ್ಯೋದ್ರಾಗೇ ಉಸ್ರು ಮುಗೀತದೆ. ಹಾಡಂತೆ ಹಾಡು.”

ನನಗೆ ಎಲ್ಲ ಒಮ್ಮೆಗೇ ಅರ್ಥವಾಯಿತು. ಚರಕಕ್ಕೆ ಬಿಡುವಿಲ್ಲ. ಎಳೆ ತುಂಡಾದರೂ ಚಕ್ರ ನಿಲ್ಲಬಾರದು, ಖತೀಜಾ ಓಡುತ್ತಿರುವ ನೂಲಿಗೇ ಹೊಸ ಗೂಡಿನ ತುದಿಯನ್ನು ಎಸೆದು ಸೇರಿಸಬೇಕು. ಹುಟ್ಟಿಗೆ ಬಿಡುವಿದೆ. ಅದಕ್ಕೇ ನಮ್ಮ ಹನ್ನೊಂದು ಮಂದಿಗೆ ಉಸಿರು ಕಟ್ಟುತ್ತಿದ್ದದ್ದು. ರೇಷ್ಮೆಯ ಊರಿನವನಾದ ನಾನು, ದುಡಿಮೆ ಎಂದರೆ ಚರಕ ಎಂದುಕೊಂಡು, ಸಮುದ್ರದ ದೋಣಿಗೆ ಚಕ್ರ ಕಟ್ಟಿದ್ದೆ. ಅದನ್ನು ಪರಂಪರೆ ಎಂದು ನಾಲ್ಕು ಪುಟ ಬರೆದಿದ್ದೆ.

ದಡದಲ್ಲಿ ಕೂತು ಮೀನು ತಿನ್ನುವಾಗ ಹೇಳಿದೆ. “ನಮ್ಮದೂ ತಪ್ಪೇ ಭಾಯ್.”

ಶುಕೂರ್ ಭಾಯ್ ಮುಳ್ಳು ತೆಗೆದು ಪಕ್ಕಕ್ಕಿಟ್ಟರು. “ಯಾರಿಗೆ ತಪ್ಪು?”

“ಹಾಡಿಗೆ.”

“ಹಾಡು ಬಂದು ಕಂಪ್ಲೇಂಟ್ ಕೊಟ್ಟೈತಾ?” ನಕ್ಕರು. ಆಮೇಲೆ ನನ್ನ ಮುಖ ನೋಡಿ ನಗು ನಿಲ್ಲಿಸಿದರು. “ರಾಜಣ್ಣ, ನೋಡಿ. ಖತೀಜಾ ಬುಧವಾರಕ್ಕೆ ಅರ್ಧ ದಿನ ರಜ ಹಾಕವ್ಳೆ. ಮಗಳಿಗೂ ಹೇಳವ್ಳೆ. ಬೀದಿಗೆಲ್ಲ ಹೇಳಿಬುಟ್ಟವ್ಳೆ. ಒಂದು ದಿನ ಸುಮ್ನಿದ್ಬುಡಿ. ಗುರುವಾರ ಬೇಕಾದ್ರೆ ಪೇಪರ್ನಲ್ಲೇ ಹಾಕ್ಸಿ, ಈ ಸಾಬಿ ತಪ್ಪು ಹಾಡ್ದ ಅಂತ.”

“ಸರಿ ಭಾಯ್,” ಎಂದೆ. ಹೀಗೆಂದೇ ಹೇಳಿದೆ. ಅದನ್ನು ಇಲ್ಲಿ ದಾಖಲಿಸಬೇಕು.

ಸೋಮವಾರ ಬೆಳಿಗ್ಗೆ ಒಂಬತ್ತೂ ನಲವತ್ತಕ್ಕೆ ದಿವ್ಯ ಮೇಡಂಗೆ ಇಮೇಲ್ ಕಳಿಸಿದೆ. ಹಾಡನ್ನು ನಿಲ್ಲಿಸಿ ಎಂದು ಬರೆಯಲಿಲ್ಲ. ಪರಿಚಯದ ಒಂದು ಸಾಲನ್ನು ಮಾತ್ರ ತಿದ್ದಲು ಅನುಮತಿ ಕೇಳಿದೆ: ‘ಇದು ದೋಣಿಯ ವೇಗವಲ್ಲ, ಚರಕದ ವೇಗ, ಹಿಂದಿನ ಪತ್ರದಲ್ಲಿ ನಾನು ಬರೆದದ್ದು ತಪ್ಪು.’ ಕಾರ್ಯಕ್ರಮದ ಪಠ್ಯದಲ್ಲಿ ಬದಲಾವಣೆಯಾದರೆ ಸಾಂಸ್ಕೃತಿಕ ಕಾರ್ಯದರ್ಶಿಗೆ ಪ್ರತಿ ಹೋಗಬೇಕೆಂಬ ನಿಯಮವೊಂದಿದೆ. ಕಾರ್ಖಾನೆಯಲ್ಲಿ ಯಾರೂ ಅದನ್ನು ಪಾಲಿಸುವುದಿಲ್ಲ. ನಾನು ಪಾಲಿಸಿದೆ. ಸತ್ಯಕ್ಕಾಗಿ ಕಳಿಸಿದೆನೋ, ವೇದಿಕೆಯ ಮೇಲೆ ಬಿಳಿಯರ ಮುಂದೆ ಸಿಕ್ಕಿಬೀಳುವ ಹೆದರಿಕೆಗೆ ಕಳಿಸಿದೆನೋ ಎಂದು ಆಮೇಲೆ ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಕಳಿಸುವಾಗ ಎದೆ ಹಗುರಾಗಿತ್ತು. ಅದೇ ಅನುಮಾನಕ್ಕೆ ಕಾರಣ.

ಹತ್ತೂವರೆಗೆ ಕರೆ ಬಂತು. ಅನಂತರಾಜು ಆಗಲೇ ಮೇಡಂ ಕೊಠಡಿಯಲ್ಲಿದ್ದರು, ಮಫ್ಲರ್ ಸಡಿಲವಾಗಿತ್ತು.

“ನೀವೇ ಬರೆದಿದ್ದೀರಿ ಅಲ್ವಾ, ತಪ್ಪು ಅಂತ?” ಎಂದರು ಮೇಡಂ.

“ಹೌದು ಮೇಡಂ. ಆದರೆ ಸರ್ ಅವರದೂ ತಪ್ಪೇ.”

“ಆಯ್ತು. ಎರಡೂ ತಪ್ಪೇ ಆದ್ರೆ ಜನಕ್ಕೆ ಖುಷಿ ಕೊಡೋ ತಪ್ಪೇ ಇರ್ಲಿ, ಕೀಬೋರ್ಡೇ ಇರ್ಲಿ. ನಾಲ್ಕು ನಿಮಿಷ ಉದ್ದ ಆಯ್ತು ಅಂತ ನನಗೂ ಅನಿಸ್ತಿತ್ತು.”

“ಮೇಡಂ, ಶುಕೂರ್ ಭಾಯ್ ಅವರ ಮನೆಯವರು ಬರ್ತಿದಾರೆ.”

“ಬರ್ಲಿ. ಅವರು ಗುಂಪಲ್ಲಿ ಇರ್ತಾರಲ್ಲ.”

ಹೊರಗೆ ಬಂದ ಮೇಲೆ ಅನಂತರಾಜು ನನ್ನ ಬೆನ್ನು ತಟ್ಟಿದರು. “ನಿಮ್ಮ ಪ್ರಾಮಾಣಿಕತೆ ನಂಗೆ ಹಿಡಿಸ್ತು ಕೆಂಪರಾಜು. ನಾನು ಅಲ್ಲಿದ್ದಾಗ ಎಲ್ಲರೂ ಹೀಗೇ ಇದ್ರು.” ಅವರು ಗೇಲಿ ಮಾಡುತ್ತಿರಲಿಲ್ಲ. ನಿಜವಾಗಿಯೂ ಮೆಚ್ಚಿಕೊಂಡಿದ್ದರು. ನನ್ನ ಜೀವನದಲ್ಲಿ ಇದಕ್ಕಿಂತ ದೊಡ್ಡ ಅವಮಾನ ನನಗೆ ಆಗಿಲ್ಲ.

ಶುಕೂರ್ ಭಾಯಿಗೆ ನಾನೇ ಹೇಳಬೇಕಿತ್ತು. ಧೈರ್ಯ ಬರಲಿಲ್ಲ. ಊಟದ ನಂತರ ಕೀಬೋರ್ಡಿನ ವೈರು ಎಳೆಯುತ್ತಿದ್ದುದನ್ನು ನೋಡಿ ಅವರಿಗೇ ತಿಳಿಯಿತು. ಅವರು ನನ್ನ ಟೇಬಲ್ ಹತ್ತಿರ ಬಂದು ಅದನ್ನು ಒರೆಸಿದರು. ಬಟ್ಟೆ ಅಡ್ಡಡ್ಡ ಹೋಯಿತು, ಸುತ್ತು ಹಾಕಲಿಲ್ಲ.

“ನಂಗೂ ಕೆಂಪು ಚೀಟಿ ಅಂಟ್ಸಿದ್ರಾ ಸರ್,” ಎಂದರು.

ಅಲ್ಲಿಯವರೆಗೆ ಅವರು ನನ್ನನ್ನು ಒಮ್ಮೆಯೂ ಸರ್ ಎಂದಿರಲಿಲ್ಲ.

ಬುಧವಾರ ಹನ್ನೊಂದು ಗಂಟೆ. ಶಾಮಿಯಾನ, ಥರ್ಮಾಕೋಲಿನ ಅಲೆಗಳು, ಹಿಂದೆ ನೀಲಿ ಬಟ್ಟೆ. ಹಾಡುವವರ ತಲೆಗೆ ರಟ್ಟಿನ ನಾವಿಕರ ಟೋಪಿ. ಖತೀಜಾ ಕೊನೆಯಿಂದ ಮೂರನೇ ಸಾಲಿನಲ್ಲಿ ಮಗಳು ಮಹ್ವಿಶ್ ಜೊತೆ ಕೂತಿದ್ದರು. ಎಳೆ ಎತ್ತಿ ಎತ್ತಿ ಬಿಸಿನೀರಿಗೆ ಬೆಂದ ಬೆರಳುಗಳನ್ನು ಮಡಿಲಲ್ಲಿ ಇಟ್ಟುಕೊಂಡು ವೇದಿಕೆಯನ್ನೇ ನೋಡುತ್ತಿದ್ದರು. ಅವರಿಗೆ ಬದಲಾವಣೆ ಗೊತ್ತಿಲ್ಲವೆಂದು ಮುಖ ನೋಡಿದರೇ ತಿಳಿಯುತ್ತಿತ್ತು. ಶುಕೂರ್ ಭಾಯ್ ಮನೆಯಲ್ಲಿ ಹೇಳಿರಲಿಲ್ಲ.

ನಾನು ಪರಿಚಯ ಓದಿದೆ. ವೇಗದ ಬಗ್ಗೆ ಒಂದು ಮಾತೂ ಉಳಿದಿರಲಿಲ್ಲ. ಅನಂತರಾಜು ಅದನ್ನು ತೆಗೆದು ‘ಭವ್ಯ ಪರಂಪರೆ’ ಎಂದು ಹಾಕಿದ್ದರು. ಗುಂಡಿ ಒತ್ತಿದರು. ದಬ್ಬ ದಬ್ಬ ಶುರುವಾಯಿತು. ಮುಂದೆ ನಿಂತು ಸಾಲು ಹೇಳಿದವರು ಅನಂತರಾಜು ಅವರೇ, ಮಫ್ಲರ್ ಸಮೇತ. ಹನ್ನೊಂದು ಮಂದಿ ಬಣ್ಣದ ಲಟ್ಟಣಿಗೆಗಳನ್ನು ಹಿಡಿದು, ಕಡಲನ್ನು ಹಿಟ್ಟಿನ ಹಾಗೆ ಲಟ್ಟಿಸುತ್ತಾ, ಬಸ್ಸಿನ ವೇಗದಲ್ಲಿ ಕುರಿಗಳನ್ನು ದಾಟಿಸಿದರು. ಶುಕೂರ್ ಭಾಯ್ ಹಿಂದಿನ ಸಾಲಿನ ಎಡತುದಿಯಲ್ಲಿದ್ದರು. ಥರ್ಮಾಕೋಲಿನ ಒಂದು ಅಲೆ ಅವರ ಎದೆಯವರೆಗೂ ಬರುತ್ತಿತ್ತು. ತುಟಿ ಆಡುತ್ತಿತ್ತು. ಆದರೆ ಮಿಕ್ಕವರ ತುಟಿಗಳ ಜೊತೆ ಆಡುತ್ತಿರಲಿಲ್ಲ.

ಖತೀಜಾ ಮಗಳ ಕಡೆಗೆ ಬಾಗಿ ಏನೋ ಕೇಳಿದರು. ಮಗಳು ಹಿಂದಿನ ಸಾಲನ್ನು ತೋರಿಸಿದಳು. ಅವರು ಕತ್ತು ಚಾಚಿ ನೋಡುವುದರೊಳಗೆ ಹಾಡು ಮುಗಿದಿತ್ತು. ಜನ ಚಪ್ಪಾಳೆ ಹೊಡೆದರು. ಅತಿಥಿಗಳೂ ಹೊಡೆದರು. ಚೆನ್ನಾಗಿಯೇ ಹೊಡೆದರು.

ಊಟದ ಹೊತ್ತಿಗೆ ಅತಿಥಿಗಳಲ್ಲಿ ಒಬ್ಬರು, ಬಿಳಿ ಕೂದಲಿನ ಎತ್ತರದ ಹೆಂಗಸು, ತಟ್ಟೆ ಹಿಡಿದು ನನ್ನ ಬಳಿ ಬಂದರು. ಪರಿಚಯದ ಕೆಳಗೆ ನನ್ನ ಹೆಸರಿತ್ತು. ಆ ಹಾಡನ್ನು ಅರವತ್ತು ವರ್ಷದ ಮೇಲೆ ಕೇಳಿದೆ ಎಂದರು. ಅವರ ಅಜ್ಜಿ ಹೇಳುತ್ತಿದ್ದರಂತೆ. ನನ್ನ ಸಂಜೆ ಕಾಲೇಜಿನ ಇಂಗ್ಲಿಷಿಗೆ ಎಟುಕಿದಷ್ಟು ಕೇಳಿದೆ:

“ದೋಣಿಯಲ್ಲಾ?”

ಇಲ್ಲ. ತಾನು ಹುಟ್ಟುವ ಹೊತ್ತಿಗೆ ಊರಿನ ದೋಣಿಗಳಿಗೆಲ್ಲ ಮೋಟಾರು ಬಂದಿತ್ತು, ದೋಣಿಯಲ್ಲಿ ಯಾರೂ ಹಾಡಿದ್ದನ್ನು ಕಂಡಿಲ್ಲ ಎಂದರು. ಅಜ್ಜಿ ಹಾಡುತ್ತಿದ್ದದ್ದು ಮನೆಯಲ್ಲಿ, ಅಕ್ಕಪಕ್ಕದ ಹೆಂಗಸರ ಜೊತೆ, ಹೊಸದಾಗಿ ನೇಯ್ದ ಉಣ್ಣೆ ಬಟ್ಟೆಯನ್ನು ನೆನೆಸಿ ಹಲಗೆಗೆ ಬಡಿದು ಬಡಿದು ಹದ ಮಾಡುವಾಗ. ಗಂಡಸರು ದೋಣಿಯಲ್ಲಿ ಬಿಟ್ಟ ಹಾಡನ್ನು ಹೆಂಗಸರು ಬಟ್ಟೆಗೆ ಎತ್ತಿಕೊಂಡರು. ಯಾವ ಕೆಲಸಕ್ಕೆ ಬಂತೋ ಆ ಕೆಲಸದ ಹಾಗೆ ಹಾಡಿಕೊಂಡರು. ಅದರಲ್ಲಿ ಯಾರಿಗೂ ತಪ್ಪು ಕಂಡಿರಲಿಲ್ಲವಂತೆ.

ನನ್ನ ಕೈಯಲ್ಲಿದ್ದ ತಟ್ಟೆ ಭಾರವಾಯಿತು. ಆ ಲೆಕ್ಕಕ್ಕೆ, ಹಾಡನ್ನು ಚರಕಕ್ಕೆ ಎತ್ತಿಕೊಂಡ ಶುಕೂರ್ ಭಾಯ್ ಮಾಡಿದ್ದೂ ಆ ಅಜ್ಜಿ ಮಾಡಿದ ಕೆಲಸವೇ. ನಾನು ಅದಕ್ಕೆ ಪ್ರತಿ ಸಮೇತ ಕೆಂಪು ಚೀಟಿ ಅಂಟಿಸಿದ್ದೆ.

“ಎಷ್ಟು ವೇಗವಾಗಿ ಬಡಿಯುತ್ತಿದ್ದರು?” ಎಂದು ಕೇಳಿದೆ. “ನಡುವೆ ಕೈಗೆ ಬಿಡುವಿತ್ತೇ?”

ಅವರು ಸ್ವಲ್ಪ ಯೋಚಿಸಿ, ತಟ್ಟೆ ಕೆಳಗಿಟ್ಟು, ಅಂಗೈಯಿಂದ ಟೇಬಲ್ಲಿಗೆ ಬಡಿದು ತೋರಿಸಲು ಶುರು ಮಾಡಿದರು. ಒಂದು. ಎರಡು. ಮೂರು. ಅಷ್ಟರಲ್ಲಿ ಅನಂತರಾಜು ಬಂದು “ನಾನು ಅಲ್ಲಿದ್ದಾಗ” ಎನ್ನುತ್ತಾ ಅವರ ತೋಳು ಹಿಡಿದು ಫೋಟೋಗೆ ಕರೆದುಕೊಂಡು ಹೋದರು. ಆಮೇಲೆ ಅವರು ಸಿಗಲಿಲ್ಲ.

ಗುರುವಾರ ಕ್ಯಾಂಟೀನಿನಲ್ಲಿ ಶುಕೂರ್ ಭಾಯಿಗೆ ಇದನ್ನೆಲ್ಲ ಹೇಳಿದೆ. ನೀವೇ ಸರಿ ಇದ್ದಿರಿ, ಇಲ್ಲ, ಸರಿ ಇದ್ದಿರಬಹುದು ಎಂದೆ. ಅವರು ಲೋಟಗಳನ್ನು ಜೋಡಿಸುತ್ತಿದ್ದರು.

“ಹಂಗಾ ಸರ್. ಇನ್ನೊಂದು ಮೇಲ್ ಹಾಕ್ಬುಡಿ,” ಎಂದರು. “ಸಿಸಿ ಮರೀಬೇಡಿ.”

“ಖತೀಜಕ್ಕ ಏನಂದ್ರು?”

“ಅವ್ಳಾ? ನೀವು ಯಾವಾಗ ಹಾಡಿದ್ರಿ ಅಂದ್ಲು.” ಲೋಟಗಳ ಟ್ರೇ ಎತ್ತಿಕೊಂಡು ಒಳಗೆ ಹೋದರು.

ಆ ಹೆಂಗಸು ಬಡಿದ ಮೂರು ಪೆಟ್ಟುಗಳನ್ನು ಅಂದಿನಿಂದ ಎಷ್ಟೋ ಸಲ ಮನೆಯ ಮೇಜಿನ ಮೇಲೆ ಬಡಿದು ನೋಡಿದ್ದೇನೆ. ಕೆಲವು ಸಲ ಅವು ಶುಕೂರ್ ಭಾಯ್ ಅವರ ತೋಳಿನ ಸುತ್ತಿಗೆ ಸರಿಯಾಗಿ ಕೂರುತ್ತವೆ. ಕೆಲವು ಸಲ ಹನುಮಂತಯ್ಯನವರ ಹುಟ್ಟಿನ ಹಾಗೆ ನಡುವೆ ಬಿಡುವು ಕೇಳುತ್ತವೆ. ಒಂದೆರಡು ಸಲ, ಹೇಳಲು ನಾಚಿಕೆಯಾಗುತ್ತದೆ, ಕೀಬೋರ್ಡಿಗೂ ಕೂತಿವೆ. ಆ ಹಾಡನ್ನು ದೋಣಿಯಲ್ಲಿ ಯಾವ ವೇಗಕ್ಕೆ ಹಾಡುತ್ತಿದ್ದರು ಎಂಬುದು ನನಗೆ ಗೊತ್ತಿಲ್ಲ. ಹಿಂದಿನ ಸಾಲಿನಲ್ಲಿ, ಅಲೆಯ ಹಿಂದೆ, ಶುಕೂರ್ ಭಾಯ್ ಬುಧವಾರ ಯಾವ ವೇಗಕ್ಕೆ ಹಾಡುತ್ತಿದ್ದರು ಎಂಬುದೂ ಗೊತ್ತಿಲ್ಲ. ಅವರನ್ನು ಕೇಳಿದರೆ ಹೇಳುತ್ತಿದ್ದರೋ ಏನೋ. ನಾನು ಕೇಳಿಲ್ಲ.